ಎರಡನೇ ಓದು

ಬ್ಯಾಡ ಅಂದೆನಲ್ಲರಿ ಭಾಭಿ, ಚಹಾ ಬ್ಯಾಡ! ಚಹಾ ಕುಡೀಲಿಕ್ಕ ಬೀದರದಿಂದ ಭಾಲ್ಕಿ ತನಕ ಬಸ್ಸಿನಾಗ ನಿಂತು ಬಂದಿಲ್ಲ ನಾ. ನೀವು ನನ್ನ ಮಗಳಿಗಿ ಒಳಗ ಕರ್ಕೊಂಡು ಹೋಗ್ರಿ. ಹಾಂ, ಸಮತಾ ಅಂತ ಹೆಸರು. ಒಂದು ಬಿಸ್ಕಿಟ್ ಕೈಯಾಗ ಕೊಟ್ರ ಸಾಕು, ಅಳಂಗಿಲ್ಲ. ನನಗ ನಿಮ್ಮ ಮನಿಯವರ ಸಂಗಡ ಮಾತದ.

ಹೂಂ. ಈಗ ಹೇಳ್ರಿ ಜುಲ್ಫೀಕಾರ ಭಾಯಿ. ಬಾಗಿಲದಾಗ ಕೇಳಿದ್ದೇ ಮತ್ತ ಕೇಳ್ತೇನಿ. ಐದು ದಿನ ಆಯ್ತು, ಅಂಗಡಿಗಿ ಯಾಕ ಬಂದಿಲ್ಲ?

…ಆ ಮಿಕ್ಸರ್ ತೆಳಗ ಇಡ್ರಿ ಮೊದಲ! ಯಾರದದು? ಓಣಿಯವರದಾ? ಅಯ್ಯ ಅಯ್ಯ! ಲ್ಯಾಪ್‌ಟಾಪಿನ ಬೋರ್ಡ್ ಮ್ಯಾಲಿಂದ ಅಕ್ಕಿಕಾಳಿನಷ್ಟು ಚಿಪ್ ಎತ್ತಿ ತಿರುಗಿ ಕೂಡಿಸೂ ಮನುಷ್ಯಾ, ಬೀದರದಾಗ ಹತ್ತು ಅಂಗಡಿಯವರು ಅಡಚಣಿ ಬಂದ್ರ ನಿಮ್ಮ ಹೆಸರು ಕೇಳ್ಕೋತ ಬರ್ತಾರ, ನೀವು ಇಲ್ಲಿ ಕೂತು ಮಂದಿ ಚಟ್ನಿ ಮಿಕ್ಸರ್ ಬಿಚ್ಚ್ಲಕತ್ತೀರಿ. ಭಾಳ ಛಂದ ಕಾಣ್ತದ! ಫೋಟೋ ಹೊಡೀಲೇನು?

ನಗ್ತೀರಿ? ನಗ್ರಿ, ನಗ್ರಿ. ಸೋಮವಾರದಿಂದ ನಿಮ್ಮ ಕುರ್ಚಿಗಿ ಹುಮನಾಬಾದದವ ಒಬ್ಬ ಬರ್ತಾನ. ಅಂಗಡಿ ಮಾಲಕ ಗೌಸೋದ್ದೀನ ಸೇಠ ನನ್ನ ಮುಂದೇ ಫೋನಿನಾಗ ಮಾತಾಡಿ ಮುಗಿಸ್ಯಾರ. ಹದಿನಾಲ್ಕು ವರ್ಷ ಕೂತ ಕುರ್ಚಿ ಅದು ನಿಮ್ದು. ಇವತ್ತು ಶನಿವಾರ. ನಡುವೆ ಒಂದೇ ದಿನ ಉಳದದ. ಈಗ ನಗು ಎಲ್ಲಿಗಿ ಹೋಯ್ತ್ರಿ?

ಇಲ್ಲ, ಸೇಠ ಕಳಿಸಿಲ್ಲ ನನಗ. ನಾನೇ ಬಂದೀನಿ. ಅತ್ತಿಯವರಿಗಿ ಭಾತಂಬ್ರಾಕ ತವರಮನಿಗಿ ಹೋಗ್ತೇನಿ ಅಂತ ಹೇಳಿ ಬಂದೀನಿ, ಸುಳ್ಳ ಹೇಳಿ. ನಿಮ್ಮ ಸಲುವಾಗಿ ಸುಳ್ಳ ಹೇಳೂ ಪಾಳಿ ಬಂತು ನೋಡ್ರಿ ನನಗ.

ಏನಾಗ್ಯದ ಅಂತ? ಒಂದು ಲ್ಯಾಪ್‌ಟಾಪ್ ಸತ್ತದ. ಒಂದು! ಔರಾದದ ಅನೀಲಕುಮಾರ ಸರ್ ಎಂಟು ತಂದು ಕೊಟ್ಟಿದ್ರು, ಏಳು ಬರೊಬ್ಬರಿ ಎದ್ದು ಕೂತವು. ಹೈದರಾಬಾದಿನ ಯಾವುದೋ ಆಫೀಸಿನವರು ಹಳೀವಾದವು ಅಂತ ಒಗದದ್ದು, ಹೊರಗಿಂದ ಕರೀ ಡಬ್ಬಿ, ಒಳಗಿಂದ ಕಬ್ಬಿಣ. ಬುದ್ಧ ವಿಹಾರದಾಗ ಹುಡುಗೀರಿಗಿ ಕಲಿಸೂ ಸಲುವಾಗಿ ಪಾಪ ಆ ಸರ್ ಬಸ್ಸಿನ ಮ್ಯಾಲ ಹಾಕಿ ತಂದಿದ್ರು. ಚಿಪ್ಪಿನಾಗಿನ ಆ ಕಂಪನಿ ಬಯಾಸ್ ಪ್ರೋಗ್ರಾಂ ಎಂಥಾ ಸೊಕ್ಕಿಂದಿತ್ತು! ಬ್ಯಾರೆ ವೈಫೈ ಕಾರ್ಡ್ ಹಾಕಿದ್ರ ಸಾಕು, ಇದು ನಮ್ದಲ್ಲ ಅಂತ ಮಾರಿ ತಿರುವಿ ನಿಂತುಬಿಡ್ತಿತ್ತು. ಅದನ್ನ ಕಿತ್ತು ಓಪನ್ ಸೋರ್ಸಿಂದು, ಎಲ್ಲಾರಿಗೂ ಪುಕ್ಕಟ ಬಿಟ್ಟದ್ದು ಹಾಕ್ರಿ, ಯಾರ ಹಂಗೂ ಬ್ಯಾಡ ಅಂದ್ರು ಸರ್. ಏಳಕ್ಕ ಹಾಕಿದೆವು. ನಾವಿಬ್ಬರೂ ಸೇರಿ. ಎಂಟನೇದು ಕೈ ಕೊಟ್ಟಿತು. ಅದಕ್ಕ ಇಷ್ಟ್ಯಾಕ್ರಿ?

ಸರ್ ಏನೂ ಅನ್ನಲಿಲ್ಲ. ಬುಧವಾರ ಬಂದ್ರು, ಏಳನ್ನ ಚೀಲದಾಗ ಹಾಕ್ಕೊಂಡ್ರು, ಎಂಟನೇದಕ್ಕ ಮುಟ್ಟಿ ನೋಡಿದ್ರು. “ಒಂದರ ಮುಂದ ಇಬ್ಬರು ಕೂಡ್ತಾರ ಬಿಡವ್ವಾ” ಅಂದ್ರು. ಹೋದ್ರು. ಬೈದು ಹೋಗಿದ್ರ ಛಲೋ ಇತ್ತು.

ಏನು ನೋಡ್ತೀರಿ? ನಾ ಅತ್ತಿಲ್ಲ. ಬಸ್ಸಿನ ಧೂಳ ಅದು.

ಕೇಳ್ರಿ ಇಲ್ಲಿ. ಆದದ್ದು ಆದಂಗ ಹೇಳ್ತೇನಿ, ತಪ್ಪಿದ್ರ ಅಲ್ಲೇ ನಿಂದರಸ್ರಿ. ಎಂಟನೇದರ ಹಳೇ ಬಯಾಸ್ ಚಿಪ್ಪಿಂದ ಓದಿ ಕಾಪಿ ತಗದವಳು ನಾ. ಹೌದಾ? ಹೌದು. ಓದಿ, ಹೋಲಿಸಿ, ಲ್ಯಾಪ್‌ಟಾಪಿನ ಬೆನ್ನಿಗಿ ಕಾಗದದ ಟೇಪು ಹಚ್ಚಿ, “ಎರಡು ಓದು, ಒಂದೇ” ಅಂತ ಬರೆದು ನಿಮ್ಮ ಟೇಬಲ್ಲಿಗಿ ಇಟ್ಟೆ. ಅಲ್ಲಿಗಿ ನನ್ನ ಕೆಲಸ ಮುಗೀತು. ಹೊಸಾದು ಬರೆದವರು ನೀವು. ಬಟನ್ ಒತ್ತಿದವರು ನೀವು. ಏಳಲಿಲ್ಲ. ಕರೀ ಪರದಾ ಕರೀ ಉಳೀತು. ಆಗ ನೀವೇನು ಮಾಡಬೇಕಿತ್ತು? ತಡೀಬೇಕಿತ್ತು. ತಡದ್ರಾ? ಇಲ್ಲ! ಮೂರು ಸಲ ಮತ್ತ ಬರೆದ್ರಿ, ಮೂರು ಸಲ ಸತ್ತಂಗೇ ಇತ್ತು, ಆಮ್ಯಾಲ ಚಿಪ್ಪೇ ಕೆಟ್ಟದ ಅಂದ್ರಿ. ಬಿಸಿ ಗಾಳಿ ಊದೂ ಗನ್ ಹಿಡಿದ್ರಿ. ಚಿಪ್ ಎತ್ತಿದ್ರಿ. ಹಳೇ ಬೋರ್ಡ್ ಅದು, ಕಾದು ಕಾದು ಹಪ್ಪಳ ಆಗಿತ್ತು. ಚಿಪ್ಪಿನ ಸಂಗಡ ತೆಳಗಿನ ತಾಮ್ರದ ಪಟ್ಟಿ ಕಿತ್ಕೊಂಡು ಬಂತು. ಬೋರ್ಡ್ ಹೋಯ್ತು. ಆ ಗನ್ ಯಾರ ಕೈಯಾಗಿತ್ತು? ನನ್ನ ಕೈಯಾಗಿತ್ತೇನು? ಹೇಳ್ರಿ!

ಹೂಂ ಅಂತೀರಲ್ಲ. ಬರೇ ತಲಿ ಅಲ್ಲಾಡಿಸಿ ಹೂಂ! ಇದೇ, ಇದಕ್ಕೇ ಸಿಟ್ಟು ಬರ್ತದ ನನಗ. ಸೇಠ ಬಂದು ಯಾರ ಗಲತಿ ಅಂತ ಕೇಳಿದಾಗೂ ಹಿಂಗೇ. “ನಂದು.” ಎರಡಕ್ಷರ. ಟಿಫಿನ್ ಡಬ್ಬಿ ತಗೊಂಡ್ರಿ, ಚಪ್ಪಲಿ ಮೆಟ್ಟಿದ್ರಿ, ನಡದ್ರಿ ಸ್ಟೇಷನ್ನಿಗಿ. ಜಗಳಾಡಬೇಕಿತ್ರಿ! ಬೋರ್ಡ್ ಹಳೇದಿತ್ತು ಅನ್ನಬೇಕಿತ್ತು. ಗಲ್ಲಾಪೆಟ್ಟಿಗಿ ಮ್ಯಾಲ ಕೈ ಹೊಡದು, ನೀ ಬಂದು ಮಾಡಿ ತೋರಸು ಸೇಠ ಅನ್ನಬೇಕಿತ್ತು. ಆ ಮನುಷ್ಯಾಗ ಪ್ಲಗ್ ಯಾವುದು, ಸಾಕೆಟ್ ಯಾವುದು ತಿಳಿಯಂಗಿಲ್ಲ, ಅವನ ಮುಂದ ತಲಿ ತಗ್ಗಿಸಿ ಬಂದ್ರಿ.

ಈಗೂ ತಡಾ ಆಗಿಲ್ಲ. ಅದಕ್ಕೇ ಬಂದೀನಿ. ನಾಳಿ ಸೇಠನ ಮನಿಗಿ ಹೋಗಮು, ಇಬ್ಬರೂ. ಚಿಪ್ ಮೊದಲೇ ಸುಟ್ಟಿತ್ತು, ಹೈದರಾಬಾದಿನಿಂದ ಬರೂವಾಗೇ ಸುಟ್ಟು ಬಂದಿತ್ತು ಅಂತ ಹೇಳಮು. ನಾ ಸಾಕ್ಷಿ ಹೇಳ್ತೇನಿ. ನಾನೇ ಓದಿದವಳು, ನಾ ಹೇಳಿದ್ರ ಸೇಠ ನಂಬ್ತಾರ. ನಾ…

ಯಾಕ? ಯಾಕ ಬ್ಯಾಡ? ಖರೆ ಅಲ್ಲ ಅಂತನಾ? ಅಬ್ಬಾ! ದೊಡ್ಡ ಹರಿಶ್ಚಂದ್ರ! ನಿಮ್ಮ ಮನ್ಯಾಗ ಒಲಿ ಖರೆ ಮಾತಿನ ಮ್ಯಾಲ ಉರೀತದೇನು? ಭಾಭಿ ಮಾರಿ ನೋಡೀರಾ? ಬಾಗಿಲಾ ತಗದಾಗ ನಾ ನೋಡಿದೆ.

ಹಿಂಗ ಮಾತಾಡಬಾರದು ನಿಮ್ಮ ಸಂಗಡ, ಗೊತ್ತದ. ಕೆಲಸ ಕಲಿಸಿದವರು ನೀವು. ಆದ್ರ ಯಾರು ಕಲಿಸಂದಿದ್ರು? ಎರಡು ವರ್ಷದ ಹಿಂದ ಹತ್ತನೇತ್ತಿ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು, ಬಗಲಾಗ ಏಳು ತಿಂಗಳ ಕೂಸು ಹಿಡ್ಕೊಂಡು ನಾ ಬಂದಾಗ ಸೇಠ ಹೇಳಿದ್ದು ಸುಳ್ಳೇನಿರಲಿಲ್ಲ. “ಇಲ್ಲಿ ಕೈ ನಡುಗಬಾರದು. ಕೂಸಿನ ತಾಯಿ, ಎಂಟು ದಿನ ನಿಂದರಂಗಿಲ್ಲ.” ನೀವು ತಲಿ ಎತ್ತದೇ, ಸೋಲ್ಡರಿಂಗ್ ಹೊಗಿ ಒಳಗಿಂದೇ ಅಂದ್ರಿ: “ಈಕಿ ಜಿಮ್ಮೇದಾರಿ ನಂದು.” ನನ್ನ ಹೆಸರೂ ಕೇಳಿರಲಿಲ್ಲ ನೀವು!

ಮೊದಲನೇ ದಿನ ನೆನಪದಾ? ಬಯಾಸ್ ಅಂದ್ರೇನ್ರಿ ಅಂತ ಕೇಳಿದೆ. ಬಟನ್ ಒತ್ತಿದ ಕೂಡ್ಲೆ ಎಲ್ಲಾಕಿಂತ ಮೊದಲು ಏಳೂದು ಅದು, ಎದ್ದು ಉಳಿದದ್ದಕ್ಕೆಲ್ಲಾ ಎಬ್ಬಸ್ತದ, ಮನ್ಯಾಗ ಹೆಣ್ಣಮಗಳು ಇದ್ದಂಗ ಅಂದ್ರಿ. ಹಂಗಾದ್ರ ಅದಕ್ಕೂ ಪಗಾರ ಇಲ್ಲೇನ್ರಿ ಅಂದೆ ನಾ. ಆವತ್ತು ನಕ್ಕಷ್ಟು ನೀವು ಮತ್ತ ನಕ್ಕೇ ಇಲ್ಲ. ಗಿರಾಕಿ ಬಂದು “ಮೇಡಂ, ರಿಪೇರಿ ಮಾಡವ್ರು ಎಲ್ಲಿ?” ಅಂತ ನನಗೇ ಕೇಳ್ತಿದ್ರು. ನಿಮ್ಮ ಮುಂದೇ ಕೂತೀನಿ, ಕಣ್ಣ ತೋರಸ್ಕೊಂಡು ಬರ್ರಿ ಅಂತಿದ್ದೆ. ನೀವು ಸುಮ್ಮನ ಅವರ ಲ್ಯಾಪ್‌ಟಾಪ್ ನನ್ನ ಕಡಿ ಸರಸ್ತಿದ್ರಿ. ಸರಸೂದು, ಅಷ್ಟೇ.

ಮತ್ತ ಆ ನಿಮ್ಮ ನೇಮ! ಹಳೇದು ಅಳಿಸೂಕಿಂತ ಮುಂಚೆ ಎರಡು ಸಲ ಓದಬೇಕು. ಕಂಪ್ಯೂಟರಿನ ವೈರಿನ ಕ್ಲಿಪ್ ಚಿಪ್ಪಿಗಿ ಹಚ್ಚು, ಐದು ನಿಮಿಷ ಓದು. ಕ್ಲಿಪ್ ತಗಿ. ಉಸ್ಮಾನ ಮಿಯಾನ ಹೋಟೆಲಿನಿಂದ ಚಹಾ ತರಸಿ ಕುಡಿ. ಮತ್ತ ಕ್ಲಿಪ್ ಹಚ್ಚು, ಮತ್ತ ಓದು. ಎರಡೂ ಒಂದೇ ಬಂದ್ರ ಮಾತ್ರ ಕಾಪಿ ಖರೆ. ಯಾಕಂದ್ರ ಹಳೇದರ ಒಂದು ತುಂಡು ಹೊಸದಕ್ಕ ಜೋಡಸಬೇಕು, ಆ ತುಂಡು ಕೆಟ್ಟಿದ್ರ ಮಷೀನ್ ಏಳಂಗಿಲ್ಲ. ನಡುವೆ ಚಹಾ ಯಾಕ್ರಿ ಅಂದ್ರ, “ಕೈ ಮರೀಲಿ ಅಂತ” ಅಂದಿದ್ರಿ. ಮೊದಲನೇ ಸಲ ಕೈ ಹ್ಯಾಂಗ ಹಚ್ಚಿತ್ತೋ ಅದು ಮರೀಬೇಕಂತ, ಎರಡನೇ ಸಲ ಹೊಸ ಕೈ ಆಗಬೇಕಂತ. ಈ ಅಂಗಡ್ಯಾಗ ರಿಪೇರಿಗಿಂತ ಚಹಾ ಜಾಸ್ತಿ ನಡೀತದ ಅಂತ ಸೇಠ ಒದರ್ತಿದ್ರು. ನಾನೂ ನಗ್ತಿದ್ದೆ, ನಿಮ್ಮ ಹಿಂದ. ಇದ್ದದ್ದು ಹೇಳ್ತೇನಿ, ನಗ್ತಿದ್ದೆ. ಎರಡು ವರ್ಷದಾಗ ಒಂದು ಸಲಾನೂ ಎರಡು ಓದು ಬ್ಯಾರೆ ಬ್ಯಾರೆ ಬಂದಿರಲಿಲ್ಲ ನನಗ. ಒಂದು ಸಲಾನೂ! ಎಷ್ಟು ಚಹಾ ಕುಡದಿರಬೇಕು ಸುಮ್ಮಸುಮ್ಮನ…

ಏನು? ಏನಿಲ್ಲ. ನಾ ಏನೂ ಅನ್ನಲಿಲ್ಲ. ಮಾತಿಗಿ ಮಾತು ಬಂತು.

ಬ್ಯಾರೆ ಕೇಳೂದದ ನಿಮಗ. ಅಂಗಡಿ ಕಂಪ್ಯೂಟರಿನಾಗ ಎಂಟನೇದರ ಫೋಲ್ಡರ್ ಖಾಲಿ ಅದ. ಒಂದರಿಂದ ಏಳರ ತನಕ ಎಲ್ಲಾ ಫೈಲ್ ಬರೊಬ್ಬರಿ ಅವ. ಎಂಟನೇದು ಖಾಲಿ! ಯಾರು ಅಳಿಸಿದ್ರು? ಸೇಠ ಅಳಿಸಂಗಿಲ್ಲ, ಆ ಮನುಷ್ಯಾ ಕಂಪ್ಯೂಟರಿಗಿ ಲೋಬಾನದ ಹೊಗಿ ಹಾಕೂದು ಬಿಟ್ರ ಮತ್ತೇನೂ ಮಾಡಂಗಿಲ್ಲ. ಪಾಸ್‌ವರ್ಡ್ ಗೊತ್ತಿದ್ದವರು ಇಬ್ಬರೇ, ನೀವು, ನಾ. ನಾ ಅಳಿಸಿಲ್ಲ. ಅಂದ್ರ ನೀವು. ಯಾಕ ಅಳಿಸಿದ್ರಿ? ಏನಿತ್ತು ಅದರಾಗ ಅಳಿಸೂವಂಥಾದ್ದು? ಗಿರಾಕಿ ಕಾಪಿ ಒಂದು ವರ್ಷ ಇಡಬೇಕು ಅಂತ ಹೇಳಿದವರು ನೀವೇ, ನೀವೇ ನಿಮ್ಮ ನೇಮ ಮುರದ್ರಿ. ಹೇಳ್ರಿ, ಯಾಕ?

…ಯಾಕ ಹಂಗ ನೋಡ್ತೀರಿ?

ನಾ ಯಾಕ ಆ ಫೋಲ್ಡರ್ ತೆಗದೆ ಅಂತನಾ? ಸುಮ್ಮನ. ನಿಮ್ಮ ಟೇಬಲ್ ಧೂಳ ಒರಸ್ಲಕತ್ತಿದ್ದೆ, ಕಂಪ್ಯೂಟರ್ ಚಾಲೂ ಇತ್ತು, ನೋಡಿದೆ. ಅಷ್ಟೇ.

ಧೂಳ ಒರಸವಳು ಫೋಲ್ಡರ್ ಯಾಕ ತೆಗೀತಾಳ ಅಂತ ಕೇಳಬೇಕಲ್ಲರಿ ನೀವು. ಕೇಳ್ರಿ! ಬಾಯಿಲೆ ಕೇಳ್ರಿ, ಕಣ್ಣಿಲೆ ಯಾಕ ಕೇಳ್ತೀರಿ?

ಅಳಿಸ್ಲಿಕ್ಕ ಹೋಗಿದ್ದೆ.

ಆಯ್ತಾ? ನಿನ್ನಿ ಮುಂಜಾನಿ, ಸೇಠ ಬರೂಕಿಂತ ಮೊದಲು ಹೋಗಿ ಶಟರ್ ಎತ್ತಿ, ನಾನೇ ಅಳಿಸಬೇಕು ಅಂತ ಹೋಗಿದ್ದೆ. ಹೋಗಿ ನೋಡಿದ್ರ ಖಾಲಿ. ನನಕಿಂತ ಮೊದಲು ಯಾರೋ ಬಂದು ಕಸಾ ಹೊಡದಂಗ ಹೊಡದು ಹೋಗಿದ್ರು. ನಿಮಗ ಗೊತ್ತಾಗ್ಯದೋ ಇಲ್ಲೋ, ಗೊತ್ತಾಗಿದ್ರ ಎಂದು, ಎಷ್ಟು… ಅದನ್ನ ತಿಳ್ಕೊಬೇಕಂತ ಬಂದೀನಿ. ನಿಮಗ ಕರ್ಕೊಂಡು ಹೋಗಲಿಕ್ಕಲ್ಲ. ಆ ಮಾತೆಲ್ಲಾ ಸುಳ್ಳ.

ಈಗರ ಮಾತಾಡ್ರಿ.

ಇಲ್ಲ. ನೀವು ಮಾತಾಡಂಗಿಲ್ಲ. ನೀವು ಮಾತಾಡೂದೇ ಇಲ್ಲ! ಎಲ್ಲಾ ನನ್ನ ಬಾಯಿಲೇ ಬರಬೇಕು. ತಗೋರಿ ಹಂಗಾದ್ರ.

ಎರಡನೇ ಸಲ ಓದಲಿಲ್ಲ ನಾ. ಮೊದಲನೇ ಓದಿನ ಫೈಲ್ ನಕಲು ಮಾಡಿದೆ, ನಕಲಿಗಿ ಬ್ಯಾರೆ ಹೆಸರು ಕೊಟ್ಟೆ, ಅದರ ಮುಂದ ಅದನ್ನೇ ಇಟ್ಟು ಹೋಲಿಸಿದೆ. ಒಂದೇ ಬಂತು. ಬರದೇ ಎಲ್ಲಿಗಿ ಹೋಗ್ತದ? ಟೇಪು ಹಚ್ಚಿದೆ. “ಎರಡು ಓದು, ಒಂದೇ.” ಛಂದ ಅಕ್ಷರದಾಗ ಬರೆದೆ. ಕ್ಲಿಪ್ ಒಂದು ಕಡಿ ಸಡಿಲಾಗಿತ್ತು, ಹಚ್ಚೂವಾಗೇ ಕೈಗಿ ತಿಳಿದಿತ್ತು ನನಗ, ಆದ್ರೂ ಓದ್ಲಕತ್ತದಲ್ಲ, ಓದಲಿ ಅಂತ ಬಿಟ್ಟೆ. ಕೆಟ್ಟ ಕಾಪಿ ಅದು. ಅದರ ತುಂಡೇ ನೀವು ಹೊಸದಕ್ಕ ಜೋಡಿಸಿದ್ರಿ. ಮೂರು ಸಲ ಬರೆದ್ರಿ. ಏಳಲಿಲ್ಲ. ನನ್ನ ಕಡಿ ತಿರುಗಿ ಒಂದೇ ಮಾತು ಕೇಳಿದ್ರಿ, “ಮಹಾಮಾಯಾ, ಕಾಪಿ ಬರೊಬ್ಬರಿ ಅದಲ್ಲವ್ವಾ?” ಅಂತ. ಹೌದ್ರಿ ಅಂದೆ. ನೀವು ನಂಬಿದ್ರಿ. ಕಾಪಿ ಬರೊಬ್ಬರಿ ಅದ ಅಂದ ಮ್ಯಾಲ ಚಿಪ್ಪೇ ಕೆಟ್ಟಿರಬೇಕಲ್ಲ, ಮತ್ತೇನು ತಿಳೀಬೇಕು ಯಾರರ? ಗನ್ ಹಿಡಿದ್ರಿ. ನಾ ನಿಂತು ನೋಡಿದೆ. ತಡೀರಿ ಅಂತ ಒಂದು ಮಾತು ಅಂದಿದ್ರ ಬೋರ್ಡ್ ಉಳೀತಿತ್ತು. ಬಾಯಿ ತೆರೀಲಿಲ್ಲ. ಇಷ್ಟು ದೊಡ್ಡ ಬಾಯಿ ನಂದು, ಆವತ್ತು ತೆರೀಲಿಲ್ಲ.

ಸಮತಾನ ಸಲುವಾಗಿ ಅಂತ ತಿಳೀಬ್ಯಾಡ್ರಿ! ಬಸ್ಸಿನಾಗ ಅದನ್ನೂ ಜೋಡಿಸಿಕೋತ ಬಂದೀನಿ, ಅಂಗನವಾಡಿಯಿಂದ ಫೋನ್ ಬಂದಿತ್ತು, ಮಗಳಿಗಿ ಜ್ವರ ಇತ್ತು, ಗಡಿಬಿಡಿ ಆಯ್ತು ಅಂತ. ಹೇಳಿದ್ರ ನೀವು ನಂಬ್ತಿದ್ರಿ. ಸೇಠನೂ ನಂಬ್ತಿದ್ದ, ಕೂಸಿನ ತಾಯಿ ಅಂತ ಮೊದಲೇ ಅಂದಿದ್ದೆ ಅಂತಿದ್ದ. ಏನೂ ಇರಲಿಲ್ಲ. ಮಗಳು ಆರಾಮಿದ್ದಳು. ನನಗ ಕೆಲಸ ಬರ್ತದ ಅನ್ನೂ ಸೊಕ್ಕು ಬಂದಿತ್ತು. ಏಳು ಸಲ ಒಂದೇ ಬಂದದ, ಎಂಟನೇ ಸಲ ಯಾಕ ಓದಬೇಕು? ಈ ಮುದುಕನ ಚಹಾ ನೇಮ ಯಾಕ ಬೇಕು ನನಗ? ಹಾಂ, ಮುದುಕ ಅಂದೆ ಮನಸಿನಾಗ. ಅದನ್ನೂ ಕೇಳ್ಕೋರಿ.

ನಿಮಗ ಆವತ್ತೇ ತಿಳೀತು. ಹೌದಿಲ್ಲೋ? ಬೋರ್ಡ್ ಹೋದ ಮ್ಯಾಲ ನನ್ನ ಕಡಿ ಬೆನ್ನು ಮಾಡಿ ಕಂಪ್ಯೂಟರ್ ಮುಂದ ಕೂತ್ರಿ. ಏನೋ ಉಪಾಯ ಹುಡಕ್ಲಕತ್ತಾರ ಅಂತ ತಿಳದೆ ನಾ. ಫೈಲಿನ ವೇಳೆ ನೋಡಿರಬೇಕು ನೀವು. ಎರಡರ ನಡುವೆ ಹನ್ನೊಂದು ಸೆಕೆಂಡ್. ಐದು ನಿಮಿಷದ ಓದು ಹನ್ನೊಂದು ಸೆಕೆಂಡಿನಾಗ ಹ್ಯಾಂಗ ಮುಗೀತದ? ನೋಡಿ, ಅಳಿಸಿ, ಎದ್ದು, ಸೇಠನ ಮುಂದ ನಿಂತು… “ನಂದು.”

ಯಾಕ್ರಿ? ಯಾರು ಕೇಳಿದ್ರು ನಿಮಗ? ನಾ ಕಾಲು ಬಿದ್ದಿದ್ದೆನಾ? ಎರಡು ವರ್ಷದ ಹಿಂದ ಜಿಮ್ಮೇದಾರಿ ಅಂತ ಬಾಯಿಬಿಟ್ಟು ಅಂದಿದ್ರಿ ಅಂತ ಇನ್ನೂ ಹೊತ್ಕೊಂಡು ತಿರಗ್ತೀರೇನು? ನಾ ಏನು ಕೂಸೇನು? ನಿಮ್ಮ ಅನ್ನ ಕಸ್ಕೊಂಡು ನನ್ನ ತಾಟಿನಾಗ ಹಾಕ್ರಿ ಅಂತ ನಾ ಅಂದೆನಾ? ಐದು ದಿನ ನಿಮ್ಮ ಖಾಲಿ ಕುರ್ಚಿ ಮುಂದ ಕೂತು ಡಬ್ಬಿ ತೆಗದೀನಿ ನಾ. ಗಿರಾಕಿ ಕೇಳಿದ್ರ, ಏನು ಮಾಡೂದ್ರಿ, ಜುಲ್ಫೀಕಾರ ಭಾಯಿಗಿ ವಯಸ್ಸಾಯ್ತು, ಕೈ ತಪ್ಪಿತು ಅಂತ ಹೇಳೀನಿ. ನನ್ನ ಬಾಯಿಲೆ! ಒಬ್ಬರಿಗಲ್ಲ, ಮೂರು ಮಂದಿಗಿ!

ಬೈರಿ ನನಗ. ಒಂದು ಸಲ ಬೈರಿ. ಎರಡು ವರ್ಷದಾಗ ಒಂದು ಸಲಾನೂ ಬೈದಿಲ್ಲ ನೀವು.

…ನೀರು ಬ್ಯಾಡ. ಲೋಟ ಅಲ್ಲೇ ಇಡ್ರಿ.

ನನ್ನ ಫೋನ್ ಎಲ್ಲದ? ಆ ಚೀಲ ಇಕಡಿ ಕೊಡ್ರಿ. ಯಾಕ ತಡೀತೀರಿ? ಕೈ ತಗೀರಿ ಭಾಯಿ. ಕೈ ತಗೀರಿ ಅಂದೆ! ಸೇಠ ನನಗ ಕೆಲಸದಿಂದ ತಗದ್ರ ತಗೀಲಿ. ಹೆಣ್ಣಮಕ್ಕಳಿಗಿ ಇಟ್ಕೊಂಡದ್ದೇ ತಪ್ಪಾಯ್ತು ಅಂದ್ರ ಅನ್ನಲಿ, ಅದಕ್ಕ ಅಲ್ಲೇ ನಿಂತು ಜವಾಬು ಕೊಡ್ತೇನಿ, ಜವಾಬು ನನಗ ಕಮ್ಮಿ ಇಲ್ಲ. ನೀವು ಸೋಮವಾರ ಮುಂಜಾನಿ ಗಾಡಿಗಿ ಬೀದರಕ ಬರ್ತೀರಿ. ಮಾತಿಲ್ಲ ಕಥಿಲ್ಲ, ಬರ್ತೀರಿ.

ಶ್… ರಿಂಗ್ ಆಗ್ಲಕತ್ತದ.

ಹಲೋ. ಹಾಂ ಸೇಠ, ನಾ ಮಹಾಮಾಯಾ. ಭಾಲ್ಕಿಯಾಗ ಇದ್ದೀನ್ರಿ, ಜುಲ್ಫೀಕಾರ ಭಾಯಿ ಮನ್ಯಾಗ… ಇಲ್ಲ, ಅವರಿಗಿ ಫೋನ್ ಕೊಡಂಗಿಲ್ಲ. ಅವರಿಗಿ ಮಾತಾಡ್ಲಿಕ್ಕ ಬರಂಗಿಲ್ಲ. ನನ್ನ ಮಾತು ಕೇಳ್ರಿ, ನಡುವೆ ಬಾಯಿ ಹಾಕಬ್ಯಾಡ್ರಿ.